ರೋಬೋ ಯುದ್ಧದ ಅನಿಮೇಷನ್‌ನಲ್ಲಿ ಸ್ಫೋಟಗಳೆಲ್ಲ ಚೆನ್ನಾಗಿದ್ದರೂ ಮನಸ್ಸಿಗೆ ತಟ್ಟುವುದಿಲ್ಲ, ಯಾಕೆ?

ಮೊದಲು ತೂಕ ನೋಡಿ. 1979ರ ಜಪಾನಿ ಅನಿಮೇಷನ್ ಸರಣಿ 'ಗುಂಡಮ್'ನ ಯಂತ್ರ, ಅಂದರೆ ಒಳಗೆ ಮನುಷ್ಯ ಕೂತು ನಡೆಸುವ ರೋಬೋ, 18 ಮೀಟರ್ ಎತ್ತರ. ಅಷ್ಟು ಎತ್ತರದಿಂದ ವಸ್ತು ನೆಲಕ್ಕೆ ಬೀಳಲು ಸುಮಾರು 1.9 ಸೆಕೆಂಡು, ಅಂದರೆ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ 46 ಫ್ರೇಮ್. ಮನುಷ್ಯನ ಎತ್ತರದಿಂದಾದರೆ 14 ಸಾಕು. ಹೊಸಬರು ಯಂತ್ರವನ್ನೂ 14 ಫ್ರೇಮಿನಲ್ಲೇ ಬೀಳಿಸುತ್ತಾರೆ, ಅದು ಆಟಿಕೆಯಾಗಿಬಿಡುತ್ತದೆ. ಬಿದ್ದ ಮೇಲೆ ಧೂಳು ಕೂಡ ನಿಧಾನವಾಗಿ ಏಳಬೇಕು.

ಇನ್ನು ಭಾವ. ನಮ್ಮ ಶಿರಸಿ, ಹೊನ್ನಾವರ ಕಡೆಯ ಯಕ್ಷಗಾನ ನೋಡಿದವರಿಗೆ ಇದು ಗೊತ್ತು: ಯುದ್ಧದ ಕುಣಿತದಲ್ಲಿ ಚಂಡೆ ಅಬ್ಬರಿಸುತ್ತದೆ, ಕರುಣದ ಪದ ಬಂದಾಗ ಅದು ಸುಮ್ಮನಾಗಿ ಮದ್ದಳೆಯಷ್ಟೇ ಉಳಿಯುತ್ತದೆ. ಆ ಮೌನವೇ ಎದೆ ಹಿಂಡುವುದು. ನಿಮ್ಮ ದೃಶ್ಯದಲ್ಲೂ ದೊಡ್ಡ ಹೊಡೆತ ಬಿದ್ದ ಕೂಡಲೇ ಹಿನ್ನೆಲೆ ಸಂಗೀತ ಪೂರ್ತಿ ತೆಗೆದು, ಯಂತ್ರದೊಳಗೆ ಚಾಲಕ ಕೂರುವ ಕಾಕ್‌ಪಿಟ್‌ಗೆ ಹೋಗಿ. ಎರಡು ಮೂರು ಸೆಕೆಂಡು ಉಸಿರಿನ ಸದ್ದು ಮಾತ್ರ. ಮುಖ ಬೇಡ, ಲಿವರ್ ಬಿಡಲಾಗದೆ ಬಿಗಿದುಕೊಂಡ ಬೆರಳುಗಳನ್ನು ತೋರಿಸಿ. ಗೆಣ್ಣು ಬಿಳಿಚಿರಲಿ, ಹೆಬ್ಬೆರಳು ಮಾತ್ರ ನಡುಗಲಿ. ಅಳುವ ಮುಖದ ಕ್ಲೋಸಪ್‌ಗಿಂತ ಇದು ಹತ್ತು ಪಟ್ಟು ಕೆಲಸ ಮಾಡುತ್ತದೆ.

ಕಾಕ್‌ಪಿಟ್ ವಿಶಾಲವಾಗಿ ಬರೆಯಬೇಡಿ. ಕಾರವಾರದ ಕಡಲತೀರದ 'ಚಾಪಲ್' ಯುದ್ಧನೌಕೆ ಸಂಗ್ರಹಾಲಯದೊಳಗೆ ಹೊಕ್ಕು ಪೈಪು, ಬಾಗಿಲು, ಇಕ್ಕಟ್ಟುಗಳ ಸ್ಕೆಚ್ ಮಾಡಿಕೊಳ್ಳಿ. ಮೊಣಕೈ ಎಲ್ಲಿ ತಾಗುತ್ತದೆ ಎಂಬುದನ್ನೂ ಗುರುತು ಹಾಕಿ.

ಎದುರಾಳಿ ಯಂತ್ರದೊಳಗೂ ಒಬ್ಬ ಕೂತಿದ್ದಾನೆಂದು ಹೊಡೆತಕ್ಕೆ ಮೊದಲೇ ತೋರಿಸಿ, ನಂತರವಲ್ಲ.