ಕೊಳ್ಳುವ ಪೊಟ್ಯಾಷ್, ಮಾರುವ ಮದ್ದುಗುಂಡು: ಸಂಪಾದಕರ ಉತ್ತರ

ಮಾನ್ಯರೆ,

ಪಾಂಡವಪುರದಿಂದ ತಾವು ಬರೆದ ಪತ್ರ ತಲುಪಿತು. ರಷ್ಯಾ, ಬೆಲಾರೂಸ್‌ಗಳಿಂದ ಬರುವ ಪೊಟ್ಯಾಷ್ ಗೊಬ್ಬರ ತಮ್ಮ ಕಬ್ಬಿನ ಗದ್ದೆಗೂ ಬೀಳುತ್ತಿರುವಾಗ ಉಕ್ರೇನಿನ ಸಾವುನೋವಿನಲ್ಲಿ ಮಂಡ್ಯದ ರೈತನಿಗೂ ಪಾಲಿದೆಯೇ, ಯುದ್ಧದಲ್ಲಿ ತೊಡಗಿದ ದೇಶಗಳೊಡನೆ ವ್ಯಾಪಾರ ಮಾಡಲು ಕಾನೂನಿನ ಅಡ್ಡಿಯಿಲ್ಲವೇ ಎಂದು ಕೇಳಿದ್ದೀರಿ. ಇವು ಬೇರೆ ಬೇರೆ ಪ್ರಶ್ನೆಗಳಾದ್ದರಿಂದ ಬೇರೆಯಾಗಿಯೇ ಉತ್ತರಿಸುತ್ತೇನೆ.

ಒಂದು ದೇಶದೊಡನೆ ವ್ಯಾಪಾರ ನಿಲ್ಲಿಸುವಂತೆ ಎಲ್ಲ ರಾಷ್ಟ್ರಗಳಿಗೂ ಆಜ್ಞಾಪಿಸುವ ಅಧಿಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗಿದೆ. ಸನ್ನದಿನ 41ನೇ ವಿಧಿ ಆ ಅಧಿಕಾರವನ್ನು ಕೊಡುತ್ತದೆ, 25ನೇ ವಿಧಿ ಅದನ್ನು ಪಾಲಿಸುವ ಹೊಣೆಯನ್ನು ಸದಸ್ಯರ ಮೇಲೆ ಹೊರಿಸುತ್ತದೆ. 1977ರಲ್ಲಿ ದಕ್ಷಿಣ ಆಫ್ರಿಕಕ್ಕೆ ಶಸ್ತ್ರ ಮಾರಾಟವನ್ನೂ 1990ರಲ್ಲಿ ಇರಾಕಿನೊಡನೆ ಬಹುತೇಕ ಎಲ್ಲ ವ್ಯಾಪಾರವನ್ನೂ ಮಂಡಳಿ ಹೀಗೆಯೇ ನಿಷೇಧಿಸಿತು. ರಷ್ಯಾಕ್ಕೆ ಮಂಡಳಿಯಲ್ಲಿ ವೀಟೊ, ಎಂದರೆ ನಿರ್ಣಯವನ್ನು ತಡೆಹಿಡಿಯುವ ಹಕ್ಕು, ಇರುವುದರಿಂದ ಅದರ ವಿರುದ್ಧ ಅಂತಹ ನಿರ್ಣಯ ಬಂದಿಲ್ಲ. ಅಮೆರಿಕ ಮತ್ತು ಯುರೋಪಿನ ಒಕ್ಕೂಟ ಹೇರಿರುವ ನಿರ್ಬಂಧಗಳು ಅವರವರ ಕಾನೂನುಗಳು; ನಮ್ಮ ಬ್ಯಾಂಕುಗಳಿಗೂ ಹಡಗು ಕಂಪನಿಗಳಿಗೂ ಅವು ತೊಡಕು ತಂದೊಡ್ಡಬಹುದಾದರೂ ಭಾರತ ಸರ್ಕಾರವನ್ನು ಬಂಧಿಸುವ ಅಂತರರಾಷ್ಟ್ರೀಯ ಕಟ್ಟಳೆಗಳಲ್ಲ.

ಶಸ್ತ್ರಾಸ್ತ್ರದ ಮಾತು ಬೇರೆ. ಯುದ್ಧದ ನಿಯಮಗಳನ್ನು ತಾವು ಪಾಲಿಸುವುದರ ಜೊತೆಗೆ ಇತರರೂ ಪಾಲಿಸುವಂತೆ ನೋಡಿಕೊಳ್ಳುತ್ತೇವೆಂದು 1949ರ ಜಿನೀವಾ ಒಪ್ಪಂದಗಳಿಗೆ ಸೇರಿದ ಎಲ್ಲ ರಾಷ್ಟ್ರಗಳೂ ಮಾತು ಕೊಟ್ಟಿವೆ. 1948ರ ನರಮೇಧ ಒಪ್ಪಂದ ಅಂತಹ ಕೃತ್ಯವನ್ನು ತಡೆಯುವ ಹೊಣೆಯನ್ನೂ ಹೊರಿಸುತ್ತದೆ. ಗಂಭೀರ ಅಪಾಯವಿದೆಯೆಂದು ತಿಳಿದ, ಅಥವಾ ತಿಳಿದಿರಬೇಕಾಗಿದ್ದ ಕ್ಷಣದಿಂದಲೇ ಆ ಹೊಣೆ ಹುಟ್ಟುತ್ತದೆಂದು ಅಂತರರಾಷ್ಟ್ರೀಯ ನ್ಯಾಯಾಲಯ, ಬೋಸ್ನಿಯಾ ಸೆರ್ಬಿಯಾದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ 2007ರಲ್ಲಿ ಹೇಳಿತು. ಜಿನೀವಾ, ನರಮೇಧ ಎರಡೂ ಒಪ್ಪಂದಗಳಿಗೆ ಭಾರತ ಸಹಿ ಹಾಕಿದೆ. 2013ರ ಶಸ್ತ್ರ ವ್ಯಾಪಾರ ಒಪ್ಪಂದದ ಮತದಾನದಲ್ಲಿ ಮಾತ್ರ ತಟಸ್ಥವಾಗಿ ಉಳಿದ ಭಾರತ ಇಂದಿಗೂ ಅದರ ಹೊರಗಿದೆ.

ನಮ್ಮ ಸಂವಿಧಾನದ 51ನೇ ವಿಧಿ ಅಂತರರಾಷ್ಟ್ರೀಯ ಶಾಂತಿಗಾಗಿ ಶ್ರಮಿಸುವಂತೆ, ಅಂತರರಾಷ್ಟ್ರೀಯ ಕಾನೂನಿನ ಬಗ್ಗೆ ಗೌರವ ಬೆಳೆಸುವಂತೆ ಸರ್ಕಾರಕ್ಕೆ ನಿರ್ದೇಶಿಸುತ್ತದೆ. ಗಾಜಾ ಯುದ್ಧದ ಹಿನ್ನೆಲೆಯಲ್ಲಿ ಇಸ್ರೇಲಿಗೆ ಶಸ್ತ್ರ ಕಳುಹಿಸುವ ಭಾರತೀಯ ಕಂಪನಿಗಳ ಪರವಾನಗಿ ರದ್ದುಪಡಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿ, ವಿದೇಶಾಂಗ ನೀತಿ ತನ್ನ ವ್ಯಾಪ್ತಿಯದಲ್ಲ ಎಂದಿತು. ಇದರಿಂದ ಕರ್ತವ್ಯವೇ ಇಲ್ಲವೆಂದು ತಿಳಿಯುವವರು 37ನೇ ವಿಧಿಯನ್ನು ಪೂರ್ತಿ ಓದಬೇಕು. 51ನೇ ವಿಧಿಯೂ ಸೇರಿದ ನಿರ್ದೇಶಕ ತತ್ವಗಳನ್ನು ನ್ಯಾಯಾಲಯ ಜಾರಿಗೊಳಿಸಲಾಗದು ಎಂದ ಅದೇ ವಿಧಿ, ದೇಶದ ಆಡಳಿತಕ್ಕೆ ಅವು ಮೂಲಭೂತವೆಂದೂ ಕಾನೂನು ಮಾಡುವಾಗ ಅನ್ವಯಿಸುವುದು ಪ್ರಭುತ್ವದ ಕರ್ತವ್ಯವೆಂದೂ ಹೇಳಿದೆ. ಕೋರ್ಟು ಹಿಂದೆ ಸರಿದ ಕಡೆ ಸಂಸತ್ತಿನ ಹೊಣೆ ಹೆಚ್ಚುತ್ತದೆ.

ಇನ್ನು ತಮ್ಮ ಗದ್ದೆಯ ಪ್ರಶ್ನೆ. ಪೊಟ್ಯಾಷ್‌ಗೆ ಭಾರತ ಆಮದನ್ನೇ ನಂಬಿದೆ. ಗೊಬ್ಬರ ನಿಂತರೆ ಪೆಟ್ಟು ಬೀಳುವುದು ಬೆಳೆಗೆ ಮತ್ತು ಉಣ್ಣುವವರಿಗೆ. ಇರಾಕಿನ ಮೇಲಿನ ದಿಗ್ಬಂಧನದಲ್ಲಿ ಆಳುವವರಿಗಿಂತ ಸಾಮಾನ್ಯ ಜನ ನರಳಿದ್ದರಿಂದಲೇ ತೈಲ ಮಾರಿ ಆಹಾರ, ಔಷಧ ಕೊಳ್ಳುವ ವ್ಯವಸ್ಥೆಯನ್ನು ವಿಶ್ವಸಂಸ್ಥೆ 1996ರಲ್ಲಿ ಆರಂಭಿಸಬೇಕಾಯಿತು. ಆದ್ದರಿಂದ ತಮ್ಮ ಮೇಲೆ ಪಾಪದ ಭಾರ ಹೊರಿಸಲು ನಾನು ಸಿದ್ಧನಿಲ್ಲ.

ತೈಲದ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. 2022ಕ್ಕೆ ಮೊದಲು ನಮ್ಮ ಕಚ್ಚಾ ತೈಲ ಆಮದಿನಲ್ಲಿ ಶೇ. 2ರಷ್ಟೂ ಇರದಿದ್ದ ರಷ್ಯಾದ ಪಾಲು ಯುದ್ಧ ಶುರುವಾದ ಮೇಲೆ ಮೂರನೇ ಒಂದಕ್ಕಿಂತ ಹೆಚ್ಚಾಯಿತು. ಬಡ ದೇಶಕ್ಕೆ ಅಗ್ಗದ ಇಂಧನ ಬೇಕೆಂಬ ಸಮರ್ಥನೆಯನ್ನು ನಮ್ಮ ಹಳ್ಳಿಗಳ ಟ್ರಾಕ್ಟರಿಗೆ ಬೀಳುವ ಡೀಸೆಲ್ ಮಟ್ಟಿಗೆ ಒಪ್ಪುತ್ತೇನೆ. ಅದೇ ತೈಲವನ್ನು ಸಂಸ್ಕರಿಸಿ ಹೊರದೇಶಗಳಿಗೆ ಮಾರಿ ಬರುವ ಲಾಭಕ್ಕೆ ಬಡವರ ಹೆಸರು ಹೇಳುವುದು ಸರಿಯಲ್ಲ. ಸ್ವಾತಂತ್ರ್ಯವೂ ಬಂದಿರದ 1946ರಲ್ಲಿ, ವರ್ಣಭೇದದ ಕಾನೂನುಗಳನ್ನು ವಿರೋಧಿಸಿ ದಕ್ಷಿಣ ಆಫ್ರಿಕದೊಡನೆ ವ್ಯಾಪಾರ ಕಡಿದುಕೊಂಡ ಮೊದಲ ದೇಶ ಭಾರತ. ಆಗ ಯಾವ ಭದ್ರತಾ ಮಂಡಳಿಯೂ ನಮಗೆ ಆಜ್ಞೆ ಮಾಡಿರಲಿಲ್ಲ. ನಷ್ಟವಾಗುತ್ತದೆಂದು ತಿಳಿದೇ ಮಾಡಿದ ಆ ನಿರ್ಧಾರದ ಬಗ್ಗೆ ಹೆಮ್ಮೆ ಪಡುವ ನಾವು ಇಂದು ನಮ್ಮ ಲಾಭದ ಲೆಕ್ಕವನ್ನಾದರೂ ಮುಚ್ಚುಮರೆಯಿಲ್ಲದೆ ಹೇಳಬೇಕು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಶಸ್ತ್ರ ರಫ್ತೇ. ಯಾವ ದೇಶಕ್ಕೆ ಯಾವ ಬಗೆಯ ಶಸ್ತ್ರ ಪರವಾನಗಿ ಕೊಡಲಾಯಿತು, ಯಾವುದನ್ನು ನಿರಾಕರಿಸಲಾಯಿತು ಎಂಬ ವಿವರವನ್ನು ಬ್ರಿಟನ್ ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ತಾವು ತಮ್ಮ ಸಂಸದರಿಗೆ ಪತ್ರ ಬರೆಯುವುದಾದರೆ, ಅಂತಹುದೇ ವಿವರವನ್ನು ಸಂಸತ್ತಿನ ಮುಂದಿಡಲು ಸರ್ಕಾರಕ್ಕಿರುವ ಅಡ್ಡಿಯೇನು, ಪರವಾನಗಿ ಕೊಡುವ ಮೊದಲು ಆ ಶಸ್ತ್ರ ನಾಗರಿಕರ ಮೇಲೆ ಬೀಳಬಹುದೇ ಎಂದು ಪರಿಶೀಲಿಸುವವರು ಯಾರು ಎಂದು ಕೇಳಿ. ಬರುವ ಉತ್ತರವನ್ನು ಯಥಾವತ್ತಾಗಿ ಪ್ರಕಟಿಸುತ್ತೇವೆ.

ಸಂಪಾದಕ, ಮೈಸೂರು