ಕವರಿನ ಮೇಲಿನ ಹೆಸರು

ಕಳೆದ ಸಂಚಿಕೆಯಲ್ಲಿ ಅಸಮಾನತೆ ಸಂಶೋಧನೆಗಳ ಬಗ್ಗೆ ಬಂದ ಲೇಖನ ಓದಿ ಹಾವೇರಿಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. "ಬಡವ ಬಡವನಾಗೇ ಇದ್ದಾನೆ, ಜಾತಿ ಇನ್ನೂ ಇದೆ ಅಂತ ಹೇಳಲು ಪ್ರೊಫೆಸರ್ ಬೇಕೇ? ನಮ್ಮೂರ ಕಟ್ಟೆ ಮೇಲೆ ಕೂತವರನ್ನು ಕೇಳಿದರೂ ಹೇಳುತ್ತಾರೆ. ಸುಮ್ನೆ ಪುಟ ಹಾಳು ಮಾಡಬೇಡಿ" ಎಂಬುದು ಅವರ ತಕರಾರು.

ಸಾರ್, ನಮಸ್ಕಾರ.

ಒಂದು ತಪ್ಪು ಮೊದಲೇ ಒಪ್ಪಿಕೊಳ್ಳುತ್ತೇನೆ. ಆ ಲೇಖನದ ಭಾಷೆ ಕಬ್ಬಿಣದ ಕಡಲೆಯೇ. ತಿದ್ದಬೇಕಾದವನು ನಾನು, ತಿದ್ದಲಿಲ್ಲ.

ಆದರೆ ನಿಮ್ಮ ಮೊದಲ ಪುಟಕ್ಕೂ ಎರಡನೇ ಪುಟಕ್ಕೂ ಜಗಳ ಇದೆ, ಗಮನಿಸಿದಿರಾ? ಮೊದಲ ಪುಟದಲ್ಲಿ ಇದೆಲ್ಲ ಎಲ್ಲರಿಗೂ ಗೊತ್ತು ಅನ್ನುತ್ತೀರಿ. ಎರಡನೆಯದರಲ್ಲಿ, "ಹಳ್ಳಿಯಲ್ಲಿ ಇರಬಹುದು, ಸಿಟಿ ಕಂಪನಿಯಲ್ಲಿ ಜಾತಿ ಯಾರು ಕೇಳ್ತಾರೆ, ಮಾರ್ಕ್ಸ್ ನೋಡ್ತಾರೆ ಅಷ್ಟೇ" ಅನ್ನುತ್ತೀರಿ. ಕಟ್ಟೆ ಮೇಲೆ ಈ ಎರಡೂ ಮಾತು ಒಂದೇ ಸಂಜೆ ಕೇಳಿಸುತ್ತವೆ. ಯಾವುದು ನಿಜ ಅಂತ ಯಾರಾದರೂ ಎಣಿಸಲೇಬೇಕಲ್ವಾ?

ಎಣಿಸಿದವರಿದ್ದಾರೆ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಅಟ್ಟೆವೆಲ್ 2005ರ ಅಕ್ಟೋಬರ್‌ನಿಂದ 66 ವಾರ ಇಂಗ್ಲಿಷ್ ಪತ್ರಿಕೆಗಳ ಉದ್ಯೋಗ ಜಾಹೀರಾತು ಕೂಡಿಹಾಕಿದರು. ಎಲ್ಲ ಖಾಸಗಿ ಕೆಲಸಗಳು. 548 ಜಾಹೀರಾತುಗಳಿಗೆ 4,808 ಅರ್ಜಿ ಹಾಕಿಸಿದರು. ಒಂದೇ ಮಟ್ಟದ ಓದು, ಒಂದೇ ಥರದ ಅನುಭವ. ಹೆಸರು ಮಾತ್ರ ಬೇರೆ: ಒಂದು ಮೇಲ್ಜಾತಿ ಹಿಂದೂ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. ಆಮೇಲೆ ಯಾರಿಗೆ ಸಂದರ್ಶನದ ಕರೆ ಬರುತ್ತದೋ ಅಂತ ಕಾದು ಕೂತರು. ಮೇಲ್ಜಾತಿ ಹೆಸರಿನ ಅವಕಾಶವನ್ನು 1 ಅಂತ ಇಟ್ಟುಕೊಂಡರೆ ದಲಿತ ಹೆಸರಿಗೆ ಸಿಕ್ಕಿದ್ದು 0.67. ಮುಸ್ಲಿಂ ಹೆಸರಿಗೆ 0.33. 2007ರಲ್ಲಿ 'ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಇದು ಅಚ್ಚಾಯಿತು.

ಈ ಮಾತನ್ನು ಕಟ್ಟೆ ಹೇಳಲಾರದು ಸಾರ್. ಕರೆ ಬಾರದ ಹುಡುಗನಿಗೆ ಯಾಕೆ ಬರಲಿಲ್ಲ ಅಂತ ತಿಳಿಯುವುದೇ ಇಲ್ಲ. ಅರ್ಜಿಯನ್ನು ಪಕ್ಕಕ್ಕಿಟ್ಟವನಿಗೂ ತಿಳಿದಿರಲಿಕ್ಕಿಲ್ಲ. ಒಂದೊಂದೇ ಅರ್ಜಿ ಹಿಡಿದು ಕೂತರೆ ಏನಾದರೂ ನೆಪ ಸಿಕ್ಕೇ ಸಿಗುತ್ತದೆ. ಸಾವಿರಗಟ್ಟಲೆ ಒಟ್ಟಿಗೆ ಹರಡಿದಾಗ ನೆಪ ಸಾಲುವುದಿಲ್ಲ.

ಅದೇ ಹೊತ್ತಿಗೆ ಸಮಾಜಶಾಸ್ತ್ರಜ್ಞರಾದ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ದೆಹಲಿಯಲ್ಲಿ, ಕಂಪನಿಗೆ ಜನರನ್ನು ಆರಿಸುವ 25 ಎಚ್‌ಆರ್ ಮ್ಯಾನೇಜರ್‌ಗಳನ್ನು ಮಾತಾಡಿಸಿದ್ದರು. ಪ್ರತಿಭೆಯೊಂದೇ ಮುಖ್ಯ ಅಂದ ಅವರೇ, ಸಂದರ್ಶನದಲ್ಲಿ 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಕೇಳುತ್ತೇವೆ ಅಂತಲೂ ಅಂದರು. ನಮ್ಮಲ್ಲಿ ಅದಕ್ಕೆ 'ಮನೆತನ' ಅಂತೀವಿ. ಹೆಸರಿಗೆ ಬರೀ ಇನಿಷಿಯಲ್ ಇದ್ದರೆ, "ಯಾವೂರಾಯ್ತಪ್ಪ? ಯಾರ ಪೈಕಿ?" ಅಂತ ಸುತ್ತಿ ಬಳಸಿ ಅಲ್ಲಿಗೇ ಬರುತ್ತೇವೆ.

ಬೇರೆಯವರದ್ದು ಯಾಕೆ, ನನ್ನದೇ ಹೇಳುತ್ತೇನೆ. ಪತ್ರಿಕೆಗೆ ಕಳಿಸಿದ ಕಥೆಗಳ ಕಟ್ಟೊಂದು ವಾರವಾರವೂ ನನಗೆ ಅಂಚೆಯಲ್ಲಿ ಬರುತ್ತದೆ. ಈ ಸಂಶೋಧನೆ ಓದಿದ ಮೇಲೆ ನನ್ನ ಕೈ ಏನು ಮಾಡುತ್ತದೆ ಅಂತ ನೋಡಿದೆ. ಕವರ್ ಒಡೆಯುವ ಮೊದಲೇ ತಿರುಗಿಸಿ 'ಇಂದ' ನೋಡುತ್ತದೆ. ಪರಿಚಿತ ಥರದ ಹೆಸರಾದರೆ ಎಡಗಡೆ, ಇಲ್ಲದಿದ್ದರೆ ಬಲಗಡೆ. ಎಡಗಡೆಯ ಕಟ್ಟು ಅವತ್ತೇ ಓದಿ ಮುಗಿಯುತ್ತದೆ. ಬಲಗಡೆಯದರ ಮೇಲೆ ಟೀ ಲೋಟದ ಕಲೆ. ಈಗ ಕವರ್ ಒಡೆಯುವ ಕೆಲಸ ನಮ್ಮ ಉಪಸಂಪಾದಕರದು. ಹೆಸರು ತೆಗೆದು ನಂಬರ್ ಹಾಕಿ ಕೊಡುತ್ತಾರೆ. ಕಳೆದ ತಿಂಗಳು ಹಾಗೆ ಆರಿಸಿದ ನಾಲ್ಕು ಕಥೆಗಳಲ್ಲಿ ಮೂರು ಬಲಗಡೆಗೇ ಹೋಗುತ್ತಿದ್ದಂಥವು.

ಅಂಥ ಲೇಖನಗಳು ಇನ್ನೂ ಬರುತ್ತವೆ. ಭಾಷೆ ಮಾತ್ರ ತಿದ್ದಿ ಹಾಕುತ್ತೇನೆ.

– ಸಂಪಾದಕ