ಓದುಗರ ಪ್ರಶ್ನೆಗೆ ಉತ್ತರ: ಶಿಮ್ಲಾದ ಮಾಲ್ ರೋಡಿನಲ್ಲಿ ನಡೆದಾಟ

ಪ್ರಶ್ನೆ: ದಸರಾ ರಜೆಯಲ್ಲಿ ಕುಟುಂಬಸಮೇತ ಶಿಮ್ಲಾಕ್ಕೆ ಹೋಗುವ ಯೋಚನೆಯಿದೆ. ಅಲ್ಲಿನ ಮಾಲ್ ರೋಡಿಗೆ ವಾಹನಗಳನ್ನು ಬಿಡುವುದಿಲ್ಲವೆಂದು ಕೇಳಿದ್ದೇವೆ. ಎಪ್ಪತ್ತು ದಾಟಿದ, ಮಂಡಿನೋವಿರುವ ನಮ್ಮ ತಾಯಿಯವರನ್ನು ಅಲ್ಲಿಗೆ ಕರೆದೊಯ್ಯಬಹುದೇ? ಆ ಬೀದಿಯನ್ನು ನೋಡಲು ಒಂದು ಸಂಜೆ ಸಾಕೇ? (ದಾವಣಗೆರೆಯ ಓದುಗರು)

ಉತ್ತರ: ಅವಶ್ಯವಾಗಿ ಕರೆದೊಯ್ಯಿರಿ. ಆದರೆ ವಸತಿಯನ್ನು ಗೊತ್ತುಮಾಡುವ ಮೊದಲೇ ಆ ಊರಿನ ಮೇಲು–ಕೆಳಗುಗಳನ್ನು ಅರಿತಿರುವುದು ಒಳ್ಳೆಯದು. ಶಿಮ್ಲಾ ಸುಮಾರು 2,200 ಮೀಟರ್ ಎತ್ತರದಲ್ಲಿ, ಬೆಟ್ಟದ ಏಣಿನುದ್ದಕ್ಕೂ ಬೆಳೆದ ಊರು. ಬಸ್ಸು, ಟ್ಯಾಕ್ಸಿಗಳು ಓಡಾಡುವ ಕಾರ್ಟ್ ರೋಡ್ ಕೆಳಗಿದೆ. ಅದರ ಮೇಲೆ ಮೆಟ್ಟಿಲುಗಳಿಂದ ಕೂಡಿಕೊಂಡ ಲೋವರ್ ಬಜಾರ್ ಮತ್ತು ಮಿಡಲ್ ಬಜಾರ್ ಇವೆ. ಅವುಗಳ ಮೇಲೆ ಮಾಲ್ ರೋಡ್, ಅದಕ್ಕೂ ಮೇಲೆ ರಿಡ್ಜ್ ಎಂಬ ಬಯಲು. ಕಾರ್ಟ್ ರೋಡಿನಿಂದ ಮಾಲ್‌ಗೆ ಪ್ರವಾಸೋದ್ಯಮ ನಿಗಮದ ಲಿಫ್ಟ್ ಇದ್ದು, ಅದು ಎರಡು ಹಂತಗಳಲ್ಲಿ ಮೇಲಕ್ಕೆ ಒಯ್ಯುತ್ತದೆ. ನಡುವೆ ಒಂದು ಓಣಿಯನ್ನು ನಡೆದು ದಾಟಬೇಕು. ರಜೆಯ ದಿನಗಳಲ್ಲಿ ಅಲ್ಲಿ ಸರದಿ ಉದ್ದವಾಗಿರುವುದರಿಂದ ಬೆಳಗ್ಗೆಯೇ ಹೋಗುವುದು ಲೇಸು. ಲಿಫ್ಟಿನಿಂದ ಹೊರಬಂದ ಮೇಲೆ, ಮಾಲ್ ರೋಡೂ ರಿಡ್ಜೂ ಕೂಡುವ ಸ್ಕ್ಯಾಂಡಲ್ ಪಾಯಿಂಟ್‌ವರೆಗಿನ ದಾರಿಯಲ್ಲಿ ಏರಿಳಿತವಿದ್ದರೂ ಮೆಟ್ಟಿಲು ಹತ್ತುವ ಕಷ್ಟವಿಲ್ಲ; ತಾಯಿಯವರು ನಿಧಾನವಾಗಿ, ಅಲ್ಲಲ್ಲಿ ನಿಂತು ನಡೆಯಬಹುದು.

ಹೋಟೆಲಿನವರು ‘ಮಾಲ್ ರೋಡಿಗೆ ಹತ್ತಿರ’ ಎಂದರೆ ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ. ಹತ್ತಿರವಿದ್ದೂ ನೂರು ಮೆಟ್ಟಿಲು ಕೆಳಗಿರುವ ಹೋಟೆಲುಗಳು ಅಲ್ಲಿ ಬಹಳ. ಬಾಗಿಲಿನಿಂದ ಮಾಲ್‌ಗೆ ಎಷ್ಟು ಮೆಟ್ಟಿಲುಗಳಿವೆ, ಟ್ಯಾಕ್ಸಿ ಎಲ್ಲಿಯವರೆಗೆ ಬರುತ್ತದೆ ಎಂಬೆರಡು ಪ್ರಶ್ನೆಗಳನ್ನು ನೇರವಾಗಿ ಕೇಳಿ ತಿಳಿದುಕೊಳ್ಳಿ. ಸಾಮಾನು ಹೊರಲು ಹಮಾಲಿಗಳು ಸಿಗುತ್ತಾರೆ. ಅವರಲ್ಲಿ ಹಲವರು ಕಾಶ್ಮೀರದಿಂದ ದುಡಿಮೆಗೆ ಬಂದವರು. ಊರಿನವರು ಅವರನ್ನು ‘ಖಾನ್’ ಎಂದೇ ಕರೆಯುತ್ತಾರೆ. ವಾಹನವಿಲ್ಲದ ಬೀದಿಯ ಅಂಗಡಿಗಳಿಗೆ ಬೇಕಾದ ಮೂಟೆ, ಪೆಟ್ಟಿಗೆಗಳು ಇವರ ಬೆನ್ನ ಮೇಲೆಯೇ ಏರಿ ಬರುತ್ತವೆ. ಕೂಲಿಯನ್ನು ಮೊದಲೇ ಮಾತಾಡಿಕೊಳ್ಳಿ, ಆದರೆ ಹತ್ತಿಪ್ಪತ್ತು ರೂಪಾಯಿಗಾಗಿ ಅವರೊಂದಿಗೆ ಎಳೆದಾಡಬೇಡಿ ಎಂದು ನನ್ನ ವಿನಂತಿ.

1864ರಲ್ಲಿ ಶಿಮ್ಲಾ ಬ್ರಿಟಿಷ್ ಭಾರತದ ಬೇಸಿಗೆ ರಾಜಧಾನಿಯಾಯಿತು. ಆ ಕಾಲದಲ್ಲಿ ವೈಸ್‌ರಾಯ್, ಪ್ರಧಾನ ಸೇನಾಪತಿ ಮತ್ತು ಪಂಜಾಬಿನ ಲೆಫ್ಟಿನೆಂಟ್ ಗವರ್ನರ್, ಈ ಮೂವರ ಗಾಡಿಗಳಿಗೆ ಮಾತ್ರ ಮಾಲ್ ರೋಡಿನಲ್ಲಿ ಪ್ರವೇಶವಿತ್ತು. ಉಳಿದ ಸಾಹೇಬರೂ ಅವರ ಹೆಂಗಸರೂ ಬೆಟ್ಟದ ಬಡವರು ಎಳೆಯುವ ರಿಕ್ಷಾಗಳಲ್ಲಿ ಕುಳಿತು ಸಾಗುತ್ತಿದ್ದರು. ಈಗ 2007ರ ಕಾಯ್ದೆಯೊಂದು ಪಾದಚಾರಿಗಳ ಸುರಕ್ಷತೆಗಾಗಿಯೇ ಇಲ್ಲಿನ ರಸ್ತೆಗಳಲ್ಲಿ ವಾಹನಗಳನ್ನು ನಿರ್ಬಂಧಿಸಿದೆ. ಆಂಬ್ಯುಲೆನ್ಸ್, ಅಗ್ನಿಶಾಮಕ ವಾಹನ ಹಾಗೂ ಪರವಾನಗಿ ಪಡೆದ ಕೆಲವೇ ವಾಹನಗಳನ್ನು ಬಿಟ್ಟರೆ, ಬೀದಿಯ ನಡುವೆ ಮಕ್ಕಳು, ಮುದುಕರು ನಿರ್ಭಯವಾಗಿ ನಡೆಯುತ್ತಾರೆ. ನಮ್ಮ ದೇಶದ ಪಟ್ಟಣಗಳಲ್ಲಿ ಇಂಥ ಬೀದಿ ಅಪರೂಪ. ಅದಕ್ಕಾಗಿಯೇ ತಾಯಿಯವರನ್ನು ಕರೆದೊಯ್ಯಿರಿ ಎಂದು ಒತ್ತಿ ಹೇಳುತ್ತಿದ್ದೇನೆ.

ಒಂದು ಸಂಜೆ ಸಾಲದು. ಸಂಜೆ ಕಾಣುವುದು ಪ್ರವಾಸಿಗರ ಜಂಗುಳಿ. ಬೆಳಗಿನ ಹೊತ್ತು ಅದೇ ಬೀದಿ ಶಾಲೆಗೆ, ಕಚೇರಿಗೆ, ಅಂಚೆಮನೆಗೆ ಹೊರಟ ಊರಿನವರದಾಗಿರುತ್ತದೆ. ಸ್ಕ್ಯಾಂಡಲ್ ಪಾಯಿಂಟಿನಲ್ಲಿ ಲಾಲಾ ಲಜಪತ್ ರಾಯ್ ಅವರ ಪ್ರತಿಮೆಯಿದೆ, ಪಕ್ಕದಲ್ಲಿ ಹಳೆಯ ಪ್ರಧಾನ ಅಂಚೆ ಕಚೇರಿ. ಸ್ವಲ್ಪ ಮುಂದೆ, ಹೆನ್ರಿ ಇರ್ವಿನ್ ವಿನ್ಯಾಸಗೊಳಿಸಿ 1887ರಲ್ಲಿ ತೆರೆದ ಗೇಯ್ಟಿ ರಂಗಮಂದಿರ. ಜೀರ್ಣೋದ್ಧಾರವಾದ ಮೇಲೆ ಅಲ್ಲಿ ಈಗಲೂ ನಾಟಕಗಳು ನಡೆಯುತ್ತವೆ. ರಂಗಭೂಮಿಯಲ್ಲಿ ಆಸಕ್ತಿಯಿದ್ದವರು ಒಳಗೆ ಹೋಗಿ ನೋಡದೆ ಬರಬಾರದು. ರಿಡ್ಜ್‌ನ ಬಯಲಿನ ಅಡಿಯಲ್ಲಿ ಊರಿಗೆ ನೀರುಣಿಸುವ ಬ್ರಿಟಿಷರ ಕಾಲದ ತೊಟ್ಟಿಯಿದೆಯೆಂಬುದು ಮೇಲೆ ಅಡ್ಡಾಡುವ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಈ ಏಣಿನ ಒಂದು ಮಗ್ಗುಲಲ್ಲಿ ಬಿದ್ದ ಮಳೆ ಸಟ್ಲೆಜ್ ಸೇರಿ ಅರಬ್ಬೀ ಸಮುದ್ರದ ಕಡೆಗೂ, ಇನ್ನೊಂದು ಮಗ್ಗುಲಲ್ಲಿ ಬಿದ್ದದ್ದು ಯಮುನೆಯ ಮೂಲಕ ಬಂಗಾಳ ಕೊಲ್ಲಿಯ ಕಡೆಗೂ ಹರಿಯುತ್ತದೆ.

ದಣಿವಾದಾಗ ಮಾಲ್ ರೋಡಿನಲ್ಲೇ ಇರುವ ಇಂಡಿಯನ್ ಕಾಫಿ ಹೌಸ್‌ನಲ್ಲಿ ಕುಳಿತುಕೊಳ್ಳಿ. ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅವುಗಳನ್ನು ಉಳಿಸಿಕೊಂಡರು. ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಶಿಮ್ಲಾದ ಮಳಿಗೆಯನ್ನೂ ಕೆಲಸಗಾರರ ಸಹಕಾರ ಸಂಘವೇ ನಡೆಸುತ್ತದೆ.

ಪ್ರಶ್ನೆ: ಮಾಲ್ ರೋಡಿನಲ್ಲಿ ಕುಲ್ಲು ಶಾಲು, ಪಶ್ಮಿನಾ ಎಂದು ಹೇಳಿ ಮಾರುವುದರಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಹೇಗೆ? ಚೌಕಾಸಿ ಮಾಡಬಹುದೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಹಿಮಾಚಲದ ಕುಲ್ಲು ಶಾಲಿಗೂ ಕಿನ್ನೌರ್ ಜಿಲ್ಲೆಯ ಕಿನ್ನೌರಿ ಶಾಲಿಗೂ ಭೌಗೋಳಿಕ ಸೂಚ್ಯಂಕದ ರಕ್ಷಣೆಯಿದೆ. ಇವುಗಳಲ್ಲಿ ಬಣ್ಣದ ಚಿತ್ತಾರವನ್ನು ನೇಕಾರರು ಮಗ್ಗದಲ್ಲಿಯೇ, ಬಣ್ಣದ ಎಳೆಗಳನ್ನು ಬೆರಳಿನಿಂದ ಸೇರಿಸುತ್ತ ಮೂಡಿಸುತ್ತಾರೆ. ಕಿನ್ನೌರಿಯ ಚಿತ್ತಾರ ಹೆಚ್ಚು ಒತ್ತಾಗಿಯೂ ಸೂಕ್ಷ್ಮವಾಗಿಯೂ ಇರುವುದರಿಂದ ಅದರ ಬೆಲೆಯೂ ಹೆಚ್ಚು. ಆದರೆ ಲೂಧಿಯಾನ, ಅಮೃತಸರಗಳ ವಿದ್ಯುತ್ ಮಗ್ಗದ ಶಾಲುಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ, ಕೆಲವು ನೂರು ರೂಪಾಯಿಗೆ ‘ಪಶ್ಮಿನಾ’ ಎಂದು ಕೊಡುವುದು ಪಶ್ಮಿನಾ ಆಗಿರಲಾರದು. ಉಂಗುರದೊಳಗೆ ತೂರಿಸಿ ತೋರಿಸುವ ಪರೀಕ್ಷೆಯನ್ನು ನಂಬಬೇಡಿ. ತೆಳುವಾದ ಕೃತಕ ನೂಲಿನ ಬಟ್ಟೆಯೂ ಉಂಗುರದಲ್ಲಿ ತೂರುತ್ತದೆ. ಕೈಮಗ್ಗದ ಗುರುತಿನ ಚೀಟಿಯನ್ನು ನೋಡಿ, ನೂಲು ಯಾವುದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮಾಲ್‌ನಲ್ಲಿರುವ ಸರ್ಕಾರಿ ಹಿಮಾಚಲ ಎಂಪೋರಿಯಂ ಮತ್ತು ಕುಲ್ಲುವಿನ ನೇಕಾರರ ಸಹಕಾರ ಸಂಘವಾದ ಭುಟ್ಟಿಕೋ ಮಳಿಗೆಗಳಲ್ಲಿ ಬೆಲೆ ನಿಗದಿಯಾಗಿರುತ್ತದೆ. ಮೊದಲು ಅಲ್ಲಿ ನೋಡಿ, ಕೈಯಿಂದ ಮುಟ್ಟಿ, ಬೆಲೆ ತಿಳಿದುಕೊಂಡು ಬಳಿಕ ಬೇರೆಡೆ ವಿಚಾರಿಸಿದರೆ ಮೋಸ ಹೋಗುವ ಭಯ ಕಡಿಮೆ. ಚೌಕಾಸಿಗೆ ಜಾಗವಿರುವುದು ರಸ್ತೆಬದಿಯ ಅಂಗಡಿಗಳಲ್ಲಿ.

ಮಾಲ್‌ನಲ್ಲಿ ಈಗ ಎಲ್ಲ ಊರುಗಳಲ್ಲೂ ಸಿಗುವ ಕಂಪನಿ ಅಂಗಡಿಗಳೇ ಹೆಚ್ಚು; ಅಷ್ಟು ದೂರ ಹೋಗಿ ಅವನ್ನೇ ಕೊಳ್ಳುವುದು ನನಗೆ ವ್ಯರ್ಥವೆನಿಸುತ್ತದೆ. ಮೆಟ್ಟಿಲಿಳಿದು ಲೋವರ್ ಬಜಾರಿಗೆ ಹೋಗಿ: ಒಣ ಜರ್ದಾಳು, ಅಕ್ರೋಟು, ಕಿನ್ನೌರಿನ ಚಿಲ್ಗೋಜಾ (ಪೈನ್ ಮರದ ಬೀಜ), ಕುಲ್ಲು ಟೋಪಿಗಳನ್ನು ಊರಿನವರೊಂದಿಗೆ ನಿಂತು ಕೊಳ್ಳಬಹುದು. ಮರದ ಊರುಗೋಲು, ಆಟಿಕೆಗಳಿಗೆ ರಿಡ್ಜ್‌ನ ಆಚೆಯ ಲಕ್ಕರ್ ಬಜಾರ್ ಪ್ರಸಿದ್ಧ. ಅಮೆರಿಕದಿಂದ ಬಂದು ಇಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಸಮೀಪದ ಕೋಟಗಢದಲ್ಲಿ ನೆಡಿಸಿದ ಅಮೆರಿಕದ ತಳಿಯಿಂದ ಇಲ್ಲಿನ ಸೇಬಿನ ಬೇಸಾಯ ಬೆಳೆಯಿತು. ಅಕ್ಟೋಬರ್‌ನಲ್ಲಿ ಹೋದರೆ ಕಿನ್ನೌರಿನ ಸೇಬನ್ನು ಕೇಳಿ ಕೊಳ್ಳಿ.

ಪ್ರಶ್ನೆ: ಜುಲೈ–ಆಗಸ್ಟ್‌ನಲ್ಲಿ ಜನಸಂದಣಿ ಕಡಿಮೆಯಂತೆ. ಆಗ ಹೋಗಬಹುದೇ? (ಮಂಗಳೂರಿನ ಓದುಗರು)

ಉತ್ತರ: ಬೇಡ. ಅದು ಮಳೆಗಾಲ, ಬೆಟ್ಟ ಕುಸಿಯುವ ಅಪಾಯವಿರುತ್ತದೆ. 2023ರ ಆಗಸ್ಟ್‌ನ ಭೂಕುಸಿತಗಳಲ್ಲಿ ಶಿಮ್ಲಾದಲ್ಲಿಯೇ ಅನೇಕರು ಪ್ರಾಣ ಕಳೆದುಕೊಂಡರು, ಸಮ್ಮರ್ ಹಿಲ್ ಬಳಿ ರೈಲು ಹಳಿಯ ಅಡಿಯ ಮಣ್ಣೇ ಕೊಚ್ಚಿಹೋಯಿತು. ಮಾರ್ಚ್–ಏಪ್ರಿಲ್ ಅಥವಾ ಅಕ್ಟೋಬರ್–ನವೆಂಬರ್ ಸೂಕ್ತ. ಯಶವಂತಪುರದಿಂದ ಹುಬ್ಬಳ್ಳಿ ಮಾರ್ಗವಾಗಿ ಚಂಡೀಗಢಕ್ಕೆ ಕರ್ನಾಟಕ ಸಂಪರ್ಕ ಕ್ರಾಂತಿ ರೈಲಿದೆ; ಮುಂದೆ ಕಾಲ್ಕಾದಿಂದ ಶಿಮ್ಲಾಕ್ಕೆ 1903ರಲ್ಲಿ ಆರಂಭವಾದ 96 ಕಿಲೋಮೀಟರಿನ ಪುಟ್ಟ ರೈಲಿಗೆ ಮೊದಲೇ ಆಸನ ಕಾಯ್ದಿರಿಸಿಕೊಳ್ಳಿ. ಅದು ಸಿಗದಿದ್ದರೆ ಚಂಡೀಗಢದಿಂದ ಬಸ್ಸುಗಳು ಸಾಕಷ್ಟಿವೆ.